ಎದೆಯ ಮೇಲಿನ ಕೆಂಪು ದೀಪ

ಸಂಜೆ ಆರು ನಲವತ್ತು. ಭಾವ ಬರುವ ರೈಲು ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತಾ ಅಕ್ಕನ ಮನೆಯ ಹೊಸಿಲ ಮೇಲೆ ಕೂತಿದ್ದೆ. ಒಳಗಿನಿಂದ ಒಣಮೆಣಸಿನಕಾಯಿ ಸುಟ್ಟ ಘಾಟು ಬಂತು. ಮೊದಲು ನನಗೆ ಕೆಮ್ಮು ಬಂತು, ಹಿಂದೆಯೇ ಅಕ್ಕನಿಗೆ. ಮೂರನೆಯ ಕೆಮ್ಮು ಅಕ್ಕನ ಮಗಳದ್ದು. ಅದು ನಿಲ್ಲಲಿಲ್ಲ.

ಇದಾಗಿ ತಿಂಗಳುಗಳು ಕಳೆದಿವೆ. ಈಗಲೂ ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ನನ್ನ ಕಣ್ಣು ಫೋನಿನ ಗಡಿಯಾರದ ಕಡೆ ಹೋಗುತ್ತದೆ. ನಾನು ಬಿ.ಎಸ್ಸಿ. ಓದಿದವಳು, ಬಂಗಾರಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶ್ವಾಸಕೋಶದ ಚಿತ್ರವನ್ನು ಎಷ್ಟು ವರ್ಷಗಳಿಂದ ಬೋರ್ಡಿನ ಮೇಲೆ ಬರೆದಿದ್ದೇನೋ. ಈ ವರ್ಷ ಅದೇ ಪಾಠ ಬಂದಾಗ ಬರೆದ ಗೆರೆ ನಡುಗಿತ್ತು. ಮುಂದಿನ ಬೆಂಚಿನ ಹುಡುಗಿ, "ಮಿಸ್, ಎಡಗಡೇದು ಸೊಟ್ಟಗಾಯ್ತು" ಎಂದಳು.

ಅಕ್ಕನ ಮನೆ ಇರುವುದು ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ. ಗಣಿ ನಡೆಯುತ್ತಿದ್ದಾಗ ಕೆಲಸದವರಿಗೆಂದು ಕಟ್ಟಿದ ಸಾಲುಮನೆ. ಮುಂದೊಂದು ಕೋಣೆ, ಹಿಂದೆ ಒಲೆಯ ಮೂಲೆ, ಕೈ ಎತ್ತಿದರೆ ತಾಗುವ ಶೀಟಿನ ಸೂರು. ಒಳಗೆದ್ದ ಹೊಗೆ ಹೊರಗೆ ಹೋಗಬೇಕಾದರೆ ಹಿತ್ತಲ ಗಿಡ್ಡ ಬಾಗಿಲು ಬಿಟ್ಟರೆ ಮುಂಬಾಗಿಲೇ ದಾರಿ. ಚಿನ್ನ ತೆಗೆದುಕೊಂಡು ಮಿಕ್ಕ ಹುಡಿಯನ್ನು ಸುರಿದು ಸುರಿದು ಆದ ಸೈನೈಡ್ ದಿಬ್ಬ ಅಲ್ಲಿಂದ ಕಾಣಿಸುತ್ತದೆ. ಬೇಸಿಗೆಯಲ್ಲಿ ಗಾಳಿ ತಿರುಗಿದರೆ ಆ ಧೂಳು ಬಂದು ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಬಿಂದಿಗೆಯೊಳಗೆ, ಮಕ್ಕಳ ರೆಪ್ಪೆಯ ಮೇಲೆ ಕೂರುತ್ತದೆ. ಅಕ್ಕನ ಮಗಳಿಗೆ ಎಂಟು ವರ್ಷ. ನಡೆಯಲು ಕಲಿತಾಗಿನಿಂದ ಉಬ್ಬಸ.

ಆ ಮನೆಯಲ್ಲಿ 'ಉಬ್ಬಸ' ಎಂಬ ಮಾತನ್ನು ಜೋರಾಗಿ ಆಡುವಂತಿರಲಿಲ್ಲ. ಅಕ್ಕನ ಅತ್ತೆಯನ್ನು ನಾವೆಲ್ಲ ಅಜ್ಜಿ ಎಂದೇ ಕರೆಯುವುದು. ಬಂಗಾರಪೇಟೆ ಕಡೆಯ ಹಳ್ಳಿಯವರು. ಮಗುವಿನ ಇನ್‌ಹೇಲರನ್ನು ಅವರು ಪಂಪು ಎನ್ನುತ್ತಿದ್ದರು. ಯಾರಾದರೂ ನೆಂಟರು ಬಂದರೆ ಅದು ಅಕ್ಕಿ ಡಬ್ಬದೊಳಗೆ ಹೋಗಿಬಿಡುತ್ತಿತ್ತು.

"ಎಣ್ ಮಗ ಕಣಮ್ಮ ಅದು. ಪಂಪು ಇಡ್ಕಂಡು ಊರೆಲ್ಲಾ ಮೆರಿಸ್ಬ್ಯಾಡ. ನಾಳೆ ಕೇಳಕ್ ಬಂದೋರು ಏನಂತಾರೆ?"

"ಅವಳಿಗಿನ್ನೂ ಎಂಟು ವರ್ಷ ಅಜ್ಜಿ" ಎಂದಿದ್ದೆ ನಾನು.

"ನಂಗೆ ಮದ್ವೆ ಆದಾಗ ಅನ್ನೆಲ್ಡು. ನಾಲ್ಕ್ ವರ್ಷ ಏನು, ಕಣ್ ಮುಚ್ಚಿ ತೆಗೆದಂಗೆ."

ಹೀಗೆನ್ನುವ ಅಜ್ಜಿಯೇ ಮಗುವಿಗೆ ಉಸಿರು ಕಟ್ಟಿದ ರಾತ್ರಿಗಳಲ್ಲಿ ಗೋಡೆಗೊರಗಿ, ಅವಳನ್ನು ಎದೆಗಾನಿಸಿಕೊಂಡು ಬೆಳಗಿನವರೆಗೆ ಕೂರುತ್ತಿದ್ದವರು. ಅಕ್ಕ ಗಾರ್ಮೆಂಟ್ಸ್ ವ್ಯಾನು ಹತ್ತಿ ಕತ್ತಲಲ್ಲೇ ಹೊರಟರೆ, ಭಾವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಮೊದಲ ರೈಲು ಹಿಡಿದರೆ, ಮಗುವಿನ ಜೊತೆ ಉಳಿಯುವವರು ಅಜ್ಜಿ. ಲೈನಿನ ನಲ್ಲಿಗೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೆಂದು ಯಾರಿಗೂ ಗೊತ್ತಿಲ್ಲ. ಅಜ್ಜಿ ಮಾತ್ರ ಒಂದು ಕಿವಿಯನ್ನು ನಲ್ಲಿಯ ಹತ್ತಿರ ಬಿಟ್ಟೇ ಮಲಗುತ್ತಿದ್ದರು. ಕೊಳಾಯಿ ಬುಸ್ ಎಂದರೆ ಲೈನಿನಲ್ಲಿ ಮೊದಲ ಬಿಂದಿಗೆ ಅವರದ್ದು.

ಆ ಭಾನುವಾರ ಬೆಳಿಗ್ಗೆ ಬಂಗಾರಪೇಟೆಯ ಮಕ್ಕಳ ಡಾಕ್ಟರ ಆಸ್ಪತ್ರೆಯಲ್ಲಿ ಆಸ್ತಮಾ ಇರುವ ಮಕ್ಕಳಿಗೆ ಒಂದು ಶಿಬಿರ ಇತ್ತು. ಎಂಜಿನಿಯರಿಂಗ್ ಓದುವ ನಾಲ್ಕಾರು ಮಂದಿ ಒಂದು ರೋಬೋ ತಂದಿದ್ದರು. ಅಜ್ಜಿ ಬರಲಿಲ್ಲ. ಅಕ್ಕ, ಮಗು, ನಾನು ಹೋದೆವು.

ನನ್ನ ಸೊಂಟದೆತ್ತರದ ಬಿಳಿ ಗೊಂಬೆ ಅದು. ದುಂಡು ತಲೆ, ಕೈಗೆ ಮೂರು ಮೂರು ಬೆರಳು, ಎದೆಯ ಮೇಲೆ ಅಂಗೈಯಗಲದ ದೀಪ. ದೀಪ ಹಸಿರಾಗಿದ್ದರೆ ಉಸಿರು ಸರಾಗ. ಹಳದಿಯಾದರೆ ಕಷ್ಟ ಶುರುವಾಗಿದೆ. ಕೆಂಪಾದರೆ ಮಲಗಬಾರದು, ನೆಟ್ಟಗೆ ಕೂತು ಔಷಧಿ ತೆಗೆದುಕೊಳ್ಳುತ್ತಲೇ ಆಸ್ಪತ್ರೆಗೆ ಹೋಗಬೇಕು. ಇದಿಷ್ಟನ್ನೂ ಅದು ಉಪದೇಶದ ಹಾಗೆ ಹೇಳಲಿಲ್ಲ. ಬೇಕೆಂದೇ ತಪ್ಪು ಮಾಡುತ್ತಿತ್ತು. ಇನ್‌ಹೇಲರ್ ಅಲ್ಲಾಡಿಸದೆಯೇ ಒತ್ತುವುದು, ಉಸಿರೆಳೆಯಲು ಜೋಡಿಸುವ ಪ್ಲಾಸ್ಟಿಕ್ ಕೊಳವೆಯನ್ನು ಬಾಯಿಗಿಡದೆ ಕಿವಿಗೆ ಇಟ್ಟುಕೊಳ್ಳುವುದು. ಮಕ್ಕಳು ಬಿದ್ದು ಬಿದ್ದು ನಕ್ಕು, "ಅಂಗಲ್ಲ! ಅಂಗಲ್ಲ!" ಎಂದು ಕೂಗುತ್ತಿದ್ದರು.

"ಹಾಗಾದರೆ ನನಗೆ ಯಾರು ಹೇಳಿಕೊಡುತ್ತೀರಿ?" ಎಂದು ಅದು ಪುಸ್ತಕದ ಕನ್ನಡದಲ್ಲಿ ಕೇಳಿತು.

ಶಾಲೆಯಲ್ಲಿ ಕೆಮ್ಮು ಬಂದರೆ ಬಾಯಿಗೆ ಕರ್ಚೀಫು ತುರುಕಿಕೊಳ್ಳುತ್ತಿದ್ದ ನಮ್ಮ ಹುಡುಗಿ ಎದ್ದಳು. ತನ್ನ ಚೀಲದಿಂದ ತನ್ನದೇ ಕೊಳವೆ ತೆಗೆದು ಅದರ ಕೈಗೆ ಕೊಟ್ಟಳು. "ಅಲ್ಲಾಡ್ಸು. ಇನ್ನೂ ಜೋರಾಗಿ. ಈಗ ಬಾಯ್ಗಿಡು. ಒತ್ತು. ಆತ್ರ ಪಡ್ಬ್ಯಾಡ, ಮೆಲ್ಲಗೆ ಎಳ್ಕೋ." ರೋಬೋ ಒಂದೊಂದು ಉಸಿರಿಗೆ ಒಂದೊಂದು ಬೆರಳು ಮಡಿಸಿತು. ಮೂರು ಬೆರಳು ಮುಗಿದ ಮೇಲೆ ಇವಳೇ ಅದರ ಇನ್ನೊಂದು ಕೈ ಎತ್ತಿ ಹಿಡಿದು, "ಇಲ್ಲಿಂದ ಎಣ್ಸು, ಪೆದ್ದು" ಎಂದಳು. ಒಬ್ಬ ಹುಡುಗ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡ.

ಆಮೇಲೆ ನಡೆದ ಎರಡು ಸಂಗತಿಗಳನ್ನು ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಒಂದು, ರೋಬೋ ತನ್ನ ಕೊಳವೆ ಕಳೆದುಹೋಯಿತೆಂದು ಅತ್ತಿದ್ದು. ಆಗ ಆಸ್ಪತ್ರೆಯ ನರ್ಸಮ್ಮ ಒಂದು ಖಾಲಿ ನೀರಿನ ಬಾಟಲಿ ತೆಗೆದುಕೊಂಡು, ತಳದಲ್ಲಿ ಇನ್‌ಹೇಲರಿನ ಬಾಯಿ ಹಿಡಿಯುವಷ್ಟು ತೂತು ಕೊಯ್ದು, ಬಾಟಲಿಯ ಬಾಯನ್ನು ಮಕ್ಕಳ ಬಾಯಿಗಿಟ್ಟು ತೋರಿಸಿದರು. ಏನೂ ಸಿಗದ ಹೊತ್ತಿನಲ್ಲಿ ಇದು ಆಗುತ್ತದೆ ಎಂದರು. ಇನ್ನೊಂದು ಕೊನೆಯಲ್ಲಿ ನಡೆದದ್ದು. ರೋಬೋ ಸುಂಯ್ ಸುಂಯ್ ಎಂದು ಗೂರತೊಡಗಿತು. ಎದೆಯ ದೀಪ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಸದ್ದು ಥಟ್ಟನೆ ನಿಂತಿತು. ಮಕ್ಕಳೆಲ್ಲ ವಾಸಿಯಾಯಿತೆಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಚಪ್ಪಾಳೆ ಬೇಡ," ಎಂದರು ನರ್ಸಮ್ಮ. "ದೀಪ ನೋಡಿ."

ದೀಪ ಕೆಂಪಗೇ ಇತ್ತು. ಗಾಳಿ ಓಡಾಡಿದರೆ ತಾನೇ ಸದ್ದು, ಓಡಾಡದೇ ಇದ್ದರೆ ಸದ್ದೂ ಇರುವುದಿಲ್ಲ ಎಂದರು ಅವರು. ಶಿಬಿರ ಮುಗಿಯಿತು. ನಾವು ಬಸ್ ನಿಲ್ದಾಣದಲ್ಲಿ ಒಂದು ನೀರಿನ ಬಾಟಲಿ ಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದೆವು.

ನಮಗಿಂತ ಮೊದಲೇ ವಿಡಿಯೋ ಫೋನಿಂದ ಫೋನಿಗೆ ಹಾರಿ ಲೈನಿಗೆ ಬಂದಿತ್ತು. ಊಟ ಮುಗಿಸುವಷ್ಟರಲ್ಲಿ ಆಚೆಮನೆ ಈಚೆಮನೆಯವರು ಬಾಗಿಲಲ್ಲಿ ಸೇರಿದರು.

"ಏನ್ ಅಜ್ಜೀ, ನಿನ್ ಮೊಮ್ಮಗ್ಳು ಮೆಷಿನ್‌ಗೇ ಪಾಠ ಏಳ್ತಾಳೆ!"

"ಎಂಥಾ ಬಾಯಿ ಇದುಕ್ಕೆ! ನಮ್ ಮನೇಲೂ ಐತೆ ಒಂದು, ಎಸ್ರು ಕೇಳುದ್ರೆ ಗೋಡೆ ನೋಡ್ತದೆ."

"ಪಾಪಾಗೆ ಪಂಪು ಯಾವಾಗ್ಲಿಂದ ಅಜ್ಜೀ? ಏಳೇ ಇಲ್ಲ ನೀನು."

ಅಕ್ಕ ನಗುತ್ತಿದ್ದಳು. ಅಜ್ಜಿ ನಗಲಿಲ್ಲ. ಅಕ್ಕಿ ಡಬ್ಬದಲ್ಲಿ ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಒಂದೇ ಮಧ್ಯಾಹ್ನ ಇಡೀ ಲೈನು ನೋಡಿತ್ತು. ಅದರ ಜೊತೆಗೆ ಇಷ್ಟೊಂದು ಹೊಗಳಿಕೆ ಬೇರೆ. "ಎಷ್ಟ್ ಕಣ್ ಬಿತ್ತೋ ಏನೋ," ಎಂದು ಗೊಣಗಿಕೊಂಡರು.

ಭಾನುವಾರ ಮುಸ್ಸಂಜೆ ದೃಷ್ಟಿ ತೆಗೆಯುವುದು ಅವರ ಪದ್ಧತಿ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕುವುದು. ಭಾವನಿಗೋ ಅಕ್ಕನಿಗೋ ತೆಗೆಯುವಾಗ ಮಗುವನ್ನು ಮೊದಲೇ ಪಕ್ಕದ ಮನೆಗೆ ಕಳಿಸಿಬಿಡುತ್ತಿದ್ದರು. ಆ ದಿನ ದೃಷ್ಟಿ ಮಗುವಿನದ್ದೇ. ಒಲೆಯ ಮುಂದೆ ಅವಳೇ ನಿಂತಿರಬೇಕಿತ್ತು. ಅಕ್ಕ ಹಿತ್ತಲಿನಲ್ಲಿ ಬಟ್ಟೆ ಎತ್ತುತ್ತಿದ್ದಳು.

ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದು ಅರ್ಥ. ಎಲ್ಲರ ಮನೆಯಲ್ಲೂ ನಂಬುವುದು ಹೀಗೆಯೇ. ಅಂದು ಕೆಂಡ ಬೂದಿ ಮುಚ್ಚಿತ್ತೋ, ಕಾಯಿ ಮೆತ್ತಗಾಗಿತ್ತೋ, ಮೊದಲ ಮುಷ್ಟಿಗೆ ಘಾಟೇ ಬರಲಿಲ್ಲ. "ಅಬ್ಬಬ್ಬಾ, ಎಂಥಾ ದೃಷ್ಟಿ ಅಂತೀನಿ!" ಎಂಬ ಅಜ್ಜಿಯ ದನಿ ಹೊಸಿಲಿಗೆ ಕೇಳಿಸಿತು. ಇನ್ನೊಂದು ಮುಷ್ಟಿ ಹಾಕಿ, ಮೊರದಿಂದ ಜೋರಾಗಿ ಬೀಸಿದರು. ಎರಡು ಮುಷ್ಟಿಯೂ ಒಟ್ಟಿಗೆ ಹೊತ್ತಿಕೊಂಡಿತು.

ಮಗುವನ್ನು ಹೊರಗೆ ಎತ್ತಿ ತಂದವಳು ಅಕ್ಕ. ಅವಳು ಹಿತ್ತಲಿನಿಂದ ಹೊಗೆಯೊಳಗೆ ನುಗ್ಗಿ ಮುಂಬಾಗಿಲಿಗೆ ಬಂದಾಗ ಮಗುವಿನ ಎರಡು ಕಾಲೂ ಜೋತಾಡುತ್ತಿದ್ದವು. ಜಗಲಿಯ ಮೇಲೆ ಕೂರಿಸಿದೆವು. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿತ್ತು, ಕತ್ತಿನ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಸುಂಯ್ ಎನ್ನುವ ಸದ್ದು ಬೀದಿಗೆ ಕೇಳುವಷ್ಟು ಜೋರಾಗಿತ್ತು. ಜನ ಸೇರಿದರು.

"ನೀರ್ ಕುಡ್ಸ್ರೇ!"

"ಮಲಗ್ಸು, ಮಲಗ್ಸು. ಎದೆಗೆ ಬಿಸಿ ಎಣ್ಣೆ ಅಚ್ತೀನಿ," ಅಜ್ಜಿ ಚಾಪೆ ಹಾಸಿಯೇಬಿಟ್ಟರು.

ಮಲಗಿಸಲು ಹೋದ ಕೈಗಳನ್ನೆಲ್ಲ ಮಗು ಒದ್ದಳು. ಒದೆಯಲು ಅವಳಲ್ಲಿ ಉಸಿರೆಲ್ಲಿತ್ತೋ. ಎರಡು ಮೊಣಕಾಲನ್ನೂ ಹಿಡಿದು ಮುಂದಕ್ಕೆ ಬಾಗಿ ಕೂತಳು. ಮಾತು ಹೊರಡಲಿಲ್ಲ. ನನ್ನ ದುಪಟ್ಟಾದ ಕೆಂಪು ಅಂಚನ್ನು ಎಳೆದು ತನ್ನ ಎದೆಯ ನಡುವೆ ಒತ್ತಿಕೊಂಡಳು.

"ಚಳಿ ಅಂತಾಳೆ, ಕಂಬ್ಳಿ ಒದ್ಸು," ಎಂದಿತು ಯಾರದ್ದೋ ದನಿ.

ಅಕ್ಕ ನನ್ನ ಮುಖ ನೋಡಿದಳು. "ಕೆಂಪು ಅಂತಿದಾಳೆ ಕಣೇ. ಕೆಂಪು."

ಬೆಳಗಿನ ಚೀಲ ತಂದು ಸುರಿದೆ. ನೀಲಿ ಇನ್‌ಹೇಲರ್ ಇತ್ತು. ಕೊಳವೆ ಇರಲಿಲ್ಲ. ಚೀಲ ತಿರುಗಿಸಿ ಕೊಡವಿದೆ. ಒಂದು ಪೆನ್ಸಿಲ್, ಬಿಸ್ಕತ್ತಿನ ಪೊಟ್ಟಣ ಬಿದ್ದವು. ಅಕ್ಕ ಇನ್‌ಹೇಲರನ್ನು ನೇರವಾಗಿ ಬಾಯಿಗಿಟ್ಟು ಒತ್ತಿದಳು. ಮಗುವಿಗೆ ಎಳೆದುಕೊಳ್ಳಲಾಗದೆ ಔಷಧಿಯೆಲ್ಲ ತುಟಿಯಂಚಿನಿಂದ ಬಿಳಿ ಹೊಗೆಯಾಗಿ ಹೊರಗೆ ಹೋಯಿತು. ಆಗ ನಾವು ತಂದಿದ್ದ ನೀರಿನ ಬಾಟಲಿ ಕಣ್ಣಿಗೆ ಬಿತ್ತು. ನೀರು ಚೆಲ್ಲಿ, ಚಾಕು ತಂದು ತಳಕ್ಕೆ ಚುಚ್ಚಿದೆ. ಚಾಕು ಜಾರಿ ಹೆಬ್ಬೆರಳಿಗೆ ಇಳಿಯಿತು.

"ಏನ್ ಬೇಕ್ ನಿಂಗೆ? ಏಳು, ಏನ್ ಬೇಕು?" ಎಂದರು ಅಜ್ಜಿ.

"ತೂತು. ತಳಕ್ಕೆ. ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು."

ಅಜ್ಜಿ ಇನ್‌ಹೇಲರಿನ ಬಾಯಿಯನ್ನು ಬೆರಳಿನಿಂದ ಸವರಿ ಅಳತೆ ನೋಡಿದರು. ಅವರು ಅದನ್ನು ಹಾಗೆ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಈಳಿಗೆಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಬಾಟಲಿಯ ತಳವನ್ನು ಅದರ ಮೂತಿಗೆ ಕೊಟ್ಟು ತಿರುಗಿಸಿದರು. ಸೆರಗಿನಿಂದ ಒಳಗಡೆ ಒರೆಸಿ ನನ್ನ ಕೈಗೆ ತಳ್ಳಿದರು. ಅಲ್ಲಾಡಿಸಿ ಸೇರಿಸಿದೆ. ಕೂತಿತು. ಒಂದು ಸಲ ಒತ್ತಿ, ಉಸಿರು, ಉಸಿರು, ಉಸಿರು. ಮಗು ತನ್ನ ಬೆರಳನ್ನು ತಾನೇ ಮಡಿಸುತ್ತಿದ್ದಳು, ರೋಬೋದ ಹಾಗೆಯೇ. ಮತ್ತೆ ಒತ್ತು.

ಹಿಂದಿನ ಸಾಲಿನ ಆಟೋದವನು ಅಷ್ಟರಲ್ಲಿ ಗಾಡಿಯನ್ನು ಜಗಲಿಗೇ ತಂದು ನಿಲ್ಲಿಸಿದ್ದ. ಅವನ ಮನೆಮಾತು ತಮಿಳು. "ಅಕ್ಕಾ, ಏರು ಏರು! ವಂಡಿ ಸ್ಟಾರ್ಟ್‌ಲೇ ಐತೆ. ಪಾಪಾನ ನಡೂಲಿ ಕೂರ್ಸು." ಅಕ್ಕ, ನಾನು, ನಡುವೆ ಮಗು. ಅಜ್ಜಿ ಕರೆಯದೆಯೇ ಹತ್ತಿ ನಮ್ಮ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಅವರ ಸೀರೆಯಿಂದ ಇನ್ನೂ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಅಕ್ಕ ಒಂದೇ ಮಾತು ಹೇಳಿದಳು: "ಅತ್ತೆ, ಆ ಕಡೆ ತಿರುಕ್ಕಳಿ." ಅಜ್ಜಿ ಮುಖ, ಸೆರಗು ಎಲ್ಲವನ್ನೂ ರಸ್ತೆಯ ಕಡೆ ತಿರುಗಿಸಿಕೊಂಡರು.

ಊರಿನ ಆಸ್ಪತ್ರೆಗೆ ಮುಂಚೆ ರೈಲ್ವೆ ಗೇಟು. ಹಾಕಿತ್ತು. ಬಂಗಾರಪೇಟೆಯಿಂದ ಬರುವ ರೈಲು, ನಾನು ಫೋನಿನಲ್ಲಿ ಹುಡುಕುತ್ತಿದ್ದ ಭಾವನ ರೈಲು, ಅದಕ್ಕಾಗಿಯೇ ಗೇಟು ಹಾಕಿದ್ದು. ನಮ್ಮ ಮುಂದೆ ಎರಡು ಲಾರಿ, ಒಂದಿಷ್ಟು ಬೈಕು. ಆಟೋದವನು ಹಾರನ್ ಒತ್ತಿ ಒತ್ತಿ ಮೂತಿಯನ್ನು ಕಂಬದವರೆಗೆ ತೂರಿಸಿದ. ಅದಕ್ಕಿಂತ ಮುಂದೆ ಜಾಗವಿರಲಿಲ್ಲ.

ಆಗ ಸದ್ದು ನಿಂತಿತು.

ಸುಂಯ್ ಎನ್ನುವುದು ಇಲ್ಲ. ಎಂಜಿನ್ನಿನ ಗುಡುಗುಡು ಮಾತ್ರ. ಅಜ್ಜಿ ತಿರುಗದೆಯೇ ಕೈಮುಗಿದರು. "ನಿಂತ್ಕತು ನೋಡು. ತಾಯೀ, ನಿಂತ್ಕತು."

"ಆಹಾ, ಪಾಪಾ ಸರಿ ಓಯ್ತು," ಆಟೋದವನು ಹಾರನ್ನಿನಿಂದ ಕೈ ತೆಗೆದ. "ಗೇಟ್ ತೆಗೀಲಿ ಅಕ್ಕಾ, ಇನ್ ಮೆಲ್ಲಗೇ ಓಗಣ."

ನನಗೂ ಒಂದು ಕ್ಷಣ ಎದೆ ಹಗುರಾಯಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನಿಜಕ್ಕೂ ನೆಮ್ಮದಿಯಾಯಿತು. ರಾತ್ರಿ ಎಚ್ಚರವಾದಾಗ ನನಗೆ ಕಾಣಿಸುವುದು ಹೊಗೆಯಲ್ಲ, ಆ ನೆಮ್ಮದಿ. ಗೇಟಿನ ಕಂಬದ ಕೆಂಪು ದೀಪ ಮಗುವಿನ ಮುಖದ ಮೇಲೆ ಬಿದ್ದು ಅವಳು ಕೆಂಪಗೆ ಕಂಡಳು. ಬೆಳಗಿನ ಚಪ್ಪಾಳೆ ಕಿವಿಗೆ ಬಂತು. ನನ್ನದೇ ಚಪ್ಪಾಳೆ.

ಕೈಯನ್ನು ಅವಳ ಎದೆಗಿಟ್ಟೆ. ಪಕ್ಕೆಲುಬು ಕುಣಿಯುತ್ತಿತ್ತು. ಬಾಯಿಯ ಹತ್ತಿರ ಬೆರಳು ಹಿಡಿದರೆ ಗಾಳಿಯೇ ತಾಕಲಿಲ್ಲ.

"ಅಕ್ಕಾ, ದೀಪ ಆರಿಲ್ಲ" ಎಂದೆ. ಅಕ್ಕ ತಕ್ಷಣ ಇನ್‌ಹೇಲರ್ ಅಲ್ಲಾಡಿಸಿದಳು. ಬಾಟಲಿಯನ್ನು ಮಗುವಿನ ಬಾಯಿಗಿಟ್ಟು ಒತ್ತಿದಳು. ಮಗುವಿನ ಬೆರಳು ಈ ಸಲ ಮಡಚಿಕೊಳ್ಳಲಿಲ್ಲ. ಅಜ್ಜಿ ಕೆಳಗಿನಿಂದ ಆ ಕೈ ಹಿಡಿದುಕೊಂಡರು.

ರೈಲು ಬಂತು. ಕಿಟಕಿ ಕಿಟಕಿಯಲ್ಲೂ ದಿನಗೂಲಿ ಮುಗಿಸಿ ಬಂದವರ ದಣಿದ ಮುಖಗಳು. ಅದರಲ್ಲೊಂದು ಭಾವನದು. ಅವನು ನಮ್ಮನ್ನು ದಾಟಿಕೊಂಡು ಹೋದ. ಕೊನೆಯ ಡಬ್ಬಿ ಹೋದರೂ ಕಂಬ ಏಳಲಿಲ್ಲ. ನಾನು ಆಟೋದವನ ಬೆನ್ನಿಗೆ ಹೊಡೆದೆ. "ಸದ್ದು ನಿಂತಿರೋದು ವಾಸಿಯಾಗಿ ಅಲ್ಲಪ್ಪಾ! ಉಸಿರು ಹೋಗ್ತಿಲ್ಲ, ಅದಕ್ಕೆ!"

ಅವನು ತಿರುಗಿ ಮಗುವಿನ ಮುಖ ನೋಡಿದವನೇ ಕೀಲಿಯನ್ನೂ ತೆಗೆಯದೆ ಕೆಳಗಿಳಿದ. ಹಳಿಯ ಎರಡೂ ಕಡೆ ನೋಡಿದ. ಮಗುವನ್ನು ಕೂತ ಭಂಗಿಯಲ್ಲೇ ಎದೆಗೆ ಎತ್ತಿಕೊಂಡು ಕಂಬದ ಕೆಳಗೆ ಬಾಗಿ ಓಡಿದ. ಅಕ್ಕ ಅವನ ಹಿಂದೆ, ನಾನು ಅಕ್ಕನ ಹಿಂದೆ. ಆಚೆ ಬದಿ ನಮ್ಮೆದುರಿಗೆ ನಿಂತಿದ್ದ ಇನ್ನೊಂದು ಆಟೋಗೆ ಅವನು ತಮಿಳಿನಲ್ಲಿ ಏನೋ ಕಿರುಚಿದ. ಒಳಗಿದ್ದವರು ತಾವಾಗಿಯೇ ಇಳಿದರು. ಗಾಡಿ ನಿಂತಲ್ಲೇ ತಿರುಗಿತು. ಹಿಂದೆ ನೋಡಿದರೆ ಅಜ್ಜಿ ಬರಿಗಾಲಲ್ಲಿ ಹಳಿ ದಾಟುತ್ತಿದ್ದರು. ಕೈಯಲ್ಲಿ ನಮ್ಮ ಚಪ್ಪಲಿಗಳಿದ್ದವು.

ಆಸ್ಪತ್ರೆಯಲ್ಲಿ ಮಗುವನ್ನು ನಮ್ಮ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ಮುಖಕ್ಕೆ ಮಾಸ್ಕು, ಕೈಗೆ ಸೂಜಿ. ಪರದೆಯಾಚೆ ಡಾಕ್ಟರಮ್ಮನ ದನಿ ಸಣ್ಣಗೆ, ಬೇಗ ಬೇಗ ಕೇಳುತ್ತಿತ್ತು. ಭಾವ ಲೈನಿನವರಿಂದ ಸುದ್ದಿ ತಿಳಿದು ಊಟದ ಡಬ್ಬಿಯ ಚೀಲ ಹೆಗಲಲ್ಲಿದ್ದಂತೆಯೇ ಓಡಿ ಬಂದ. ಆಮೇಲೆ, ಎಷ್ಟು ಹೊತ್ತಿಗೋ ಗೊತ್ತಿಲ್ಲ, ಪರದೆಯ ಆ ಕಡೆಯಿಂದ ಮತ್ತೆ ಸುಂಯ್ ಎಂಬ ಸದ್ದು ಕೇಳಿತು. ನಾನು ಗೋಡೆ ಹಿಡಿದು ಕೂತೆ. ಜೀವಮಾನದಲ್ಲಿ ಅಷ್ಟು ಇಂಪಾದ ಸದ್ದು ಕೇಳಿರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದಾಗ ಕೈಯಲ್ಲಿ ಬಾಟಲಿ ಇತ್ತು. "ಇದನ್ನ ಮಾಡಿದ್ದು ಯಾರು?"

ಅಜ್ಜಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಅಕ್ಕ, "ನಮ್ಮತ್ತೆ" ಎಂದಳು. ಡಾಕ್ಟರಮ್ಮ ಬಾಟಲಿಯನ್ನು ಬಿಸಾಡದೆ ಮೇಜಿನ ಮೇಲೆ ನೆಟ್ಟಗೆ ಇಟ್ಟು ಮತ್ತೆ ಒಳಗೆ ಹೋದರು.

ಮಗು ಮನೆಗೆ ಬಂದಳು. ನಿದ್ದೆ ಮಾತ್ರ ಬರಲಿಲ್ಲ. ಮಗುವಿಗೆ ಬಂತು, ನಮಗಲ್ಲ. ಅಕ್ಕ ಅರ್ಧ ರಾತ್ರಿ, ಅಜ್ಜಿ ಅರ್ಧ ರಾತ್ರಿ ಅವಳ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದರು. ಸದ್ದು ಇದ್ದರೂ ಭಯ, ಇಲ್ಲದಿದ್ದರೆ ಇನ್ನೂ ಭಯ. ನಾನು ಬಂಗಾರಪೇಟೆಯ ಬಾಡಿಗೆ ಕೋಣೆಯಲ್ಲಿ ಎದ್ದು ಕೂತು ಅಕ್ಕನಿಗೆ ಮೆಸೇಜು ಹಾಕಿದರೆ ಮರುಕ್ಷಣವೇ ಉತ್ತರ ಬರುತ್ತಿತ್ತು. ಅವಳೂ ಎದ್ದೇ ಇರುತ್ತಿದ್ದಳು.

ಅಜ್ಜಿ ಒಣಮೆಣಸಿನಕಾಯಿಯ ಡಬ್ಬವನ್ನೇ ಮನೆಯಿಂದ ಆಚೆ ಹಾಕಿದರು. ಒಲೆಯನ್ನು ಹಿತ್ತಲಿಗೆ ಸಾಗಿಸಿದರು. ಆದರೆ ಪಂಪು ಮುಟ್ಟಲು ಒಪ್ಪಲಿಲ್ಲ. ಡಾಕ್ಟರು ಬೆಳಿಗ್ಗೆ ಸಂಜೆ ತಪ್ಪದೆ ಎಳೆಯಲು ಇನ್ನೊಂದು ಇನ್‌ಹೇಲರ್ ಕೊಟ್ಟಿದ್ದರು. ಅದಕ್ಕೆ ದೊಡ್ಡವರೊಬ್ಬರು ಜೊತೆಗಿರಬೇಕು. ಅಕ್ಕನ ರಜೆ ಮುಗಿಯುತ್ತಾ ಬಂದಿತ್ತು.

"ನಾನ್ ಕೊಡಕ್ಕಿಲ್ಲ. ಈ ಕೈ ಬ್ಯಾಡ ಅದುಕ್ಕೆ."

"ಅಜ್ಜಿ, ನೀವಲ್ಲದೆ ಇನ್ನು ಯಾರು ಕೊಡಬೇಕು?"

"ಯಾರಾನ ಕೊಡ್ಲಿ. ಈ ಕೈ ಬ್ಯಾಡ."

ಮತ್ತೆ ತೋರಿಸಲು ಬಂಗಾರಪೇಟೆಗೆ ಹೋದ ದಿನ ಅಜ್ಜಿಯನ್ನೂ ಕರೆದುಕೊಂಡು ಹೋದೆವು. ಆ ದಿನವೂ ರೋಬೋ ಬಂದಿತ್ತು. ಅದನ್ನು ತಂದ ಹುಡುಗ ನಮ್ಮನ್ನು ಕಂಡ ಕೂಡಲೇ ಚೀಲದಿಂದ ಕೊಳವೆ ತೆಗೆದ. "ಅವತ್ತು ಇದು ರೋಬೋ ಕೈಯಲ್ಲೇ ಉಳ್ಕೊಂಡಿತ್ತು, ನಿಮ್ದೇನಾ?"

ಅಕ್ಕ ಮಗಳ ಕಡೆ ತಿರುಗಿದಳು. "ಮರ್ತ್ ಬಂದಿದ್ಯಾ? ಮರ್ತ್ ಬಂದ್ಯೇನೇ?"

"ಮರೀಲಿಲ್ಲ. ಕೊಟ್ ಬಂದೆ."

"ಯಾಕೇ?"

"ಎಲ್ರೂ ಬೀಗ ಆಕ್ಕಂಡು ಒಂಟೋದ್ಮೇಲೆ ಅದುಕ್ಕೆ ಕೆಂಪಾದ್ರೆ?"

ಅಕ್ಕನ ಎತ್ತಿದ ಕೈ ಹಾಗೇ ಉಳಿಯಿತು. ಹುಡುಗನೂ ತಲೆ ತಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕತೊಡಗಿದ.

ಅಜ್ಜಿ ರೋಬೋವನ್ನು ಸುತ್ತು ಹಾಕಿ ನೋಡಿದರು. "ಅಗೋ, ಆ ಮೂಲೇಲಿ ಕುಂತವ್ನಲ್ಲ, ಅವ್ನೇ ತಾನೇ ಆಡ್ಸೋನು? ನಮ್ಮೂರ್ಗೂ ಬರೋರು, ತೊಗಲುಗೊಂಬೆಯೋರು." ಹುಡುಗ ನಕ್ಕ. ರೋಬೋ ಮಾತ್ರ ನಗದೆ ಕೊಳವೆಯನ್ನು ಕಿವಿಗೆ ಇಟ್ಟುಕೊಂಡು ಕೇಳಿತು: "ನನಗೆ ಯಾರು ಹೇಳಿಕೊಡುತ್ತೀರಿ?"

ಮಗು ಕೈ ಎತ್ತಲಿಲ್ಲ. ಅಜ್ಜಿಯ ಕೈ ಹಿಡಿದು ಮೇಲೆತ್ತಿದಳು. ಅಜ್ಜಿ ಕೊಸರಿಕೊಂಡರು. ರೋಬೋದ ಎದೆಯ ದೀಪ ಹಳದಿಯಾಯಿತು, ಸುಂಯ್ ಎನ್ನತೊಡಗಿತು. ಹಳದಿ ಕೆಂಪಾಯಿತು. ಸುತ್ತ ಮಕ್ಕಳು ಕೂಗಲು ಶುರುಮಾಡಿದರು. ಅಜ್ಜಿಯ ಮುಖ ಬಿಳಿಚಿತು. ಅದು ಯಂತ್ರ ಎಂದು ಆಗತಾನೇ ಹೇಳಿದ್ದವರು ಅವರೇ. ಅದರ ಗೂರಲು ಹೆಚ್ಚುತ್ತಿತ್ತು.

"ಲೇ, ಕಿವಿಗಲ್ಲ ಕಣ್ಲಾ, ಬಾಯ್ಗೆ!" ಅಜ್ಜಿ ಮುಂದೆ ನುಗ್ಗಿ ಅದರ ಕೈಯನ್ನು ಎಳೆದು ಸರಿಮಾಡಿದರು. "ಇಡ್ಕ ಸರ್ಯಾಗಿ. ಅಲ್ಲಾಡ್ಸಿದ್ಯಾ? ಎಲ್ ಅಲ್ಲಾಡ್ಸಿದೆ, ಕೊಡಿಲ್ಲಿ. ಊಂ, ಒತ್ತೀನಿ ಈಗ. ಎಳ್ಕ. ಮೆಲ್ಲಗ್ಲಾ, ಮೆಲ್ಲಗೆ. ಬಿಡು. ಇನ್ನೊಂದು. ಇನ್ನೊಂದು, ನನ್ ಕಂದ."

ಸದ್ದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ಅದರ ಎದೆಯನ್ನೇ ನೋಡುತ್ತಾ ನಿಂತರು. 'ದೀಪ ಆರಿಲ್ಲ' ಎಂದು ನಾನು ಆಟೋದಲ್ಲಿ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಕೆಂಪು ಹಳದಿಗೆ ಇಳಿಯಿತು. ಬಹಳ ಹೊತ್ತಿನ ಮೇಲೆ ಹಸಿರಾಯಿತು. ಆಗ ಅಜ್ಜಿ ಸೊಂಟ ನೆಟ್ಟಗೆ ಮಾಡಿ, ಆ ದುಂಡು ತಲೆಯನ್ನು ಸವರಿ, ತಮ್ಮ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದರು.

ಮರುದಿನದಿಂದ ಬೆಳಿಗ್ಗೆ ಸಂಜೆ ಪಂಪು ಹಿಡಿದವರು ಅಜ್ಜಿ. ನೆಂಟರು ಬಂದರೂ ಅದು ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆಯೇ ಇರುತ್ತಿತ್ತು. ದೃಷ್ಟಿ ತೆಗೆಯುವುದನ್ನು ಬಿಟ್ಟರು ಎಂದಲ್ಲ. ಉಪ್ಪನ್ನು ನಿವಾಳಿಸಿ ನೀರಿಗೆ ಹಾಕಿ ಕರಗಿಸುತ್ತಿದ್ದರು. "ಕರಗಿದ್ರೆ ಓಯ್ತು ಅಂತ್ಲೇ ಅರ್ಥ," ಎಂದು ಹೊಸ ಲೆಕ್ಕ ಹೇಳಿದರು. ಉಪ್ಪು ಕರಗದೆ ಇರುತ್ತದೆಯೇ ಎಂದು ನಾನು ಕೇಳಲಿಲ್ಲ. ರಾತ್ರಿ ಅಂಗೈ ಇಟ್ಟುಕೊಂಡು ಕೂರುವುದು ಮಾತ್ರ ನಿಲ್ಲಲಿಲ್ಲ. ಅಕ್ಕ ಹೊಲಿಗೆ ಮಷಿನ್ನಿನ ಮುಂದೆ ತೂಕಡಿಸಿ ಬೈಸಿಕೊಂಡು ಬಂದಳು.

ಮಳೆಗಾಲ ಹಿಡಿದ ಮೇಲೆ ಒಂದು ಶನಿವಾರ ನಾನು ಅಲ್ಲಿಯೇ ಉಳಿದೆ. ಅಕ್ಕ, ಅಜ್ಜಿ, ನಡುವೆ ಮಗು, ಗೋಡೆಯ ಪಕ್ಕ ನಾನು. ಭಾವ ಜಗಲಿಯ ಮೇಲೆ. ಮೊದಲ ಪಾಳಿ ಅಜ್ಜಿಯದು.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಮಗುವಿನ ಕಡೆಯಿಂದ ಸದ್ದೇ ಇಲ್ಲ. ಎದ್ದು ಕೂತು ಮಗುವಿನ ಬಾಯಿಯ ಹತ್ತಿರ ಬೆರಳು ಹಿಡಿದೆ. ಬೆಚ್ಚಗೆ ಗಾಳಿ ಬಂತು, ನಿಂತಿತು, ಮತ್ತೆ ಬಂತು. ಒಂದು ಕಾಲನ್ನು ಅಜ್ಜಿಯ ಹೊಟ್ಟೆಯ ಮೇಲೆ ಹಾಕಿಕೊಂಡಿದ್ದಳು. ಅಜ್ಜಿಯ ಅಂಗೈ ಅವಳ ಬೆನ್ನಿನಿಂದ ಜಾರಿ ಚಾಪೆಯ ಮೇಲೆ ಬಿದ್ದಿತ್ತು, ಬಾಯಿ ಅರ್ಧ ತೆರೆದಿತ್ತು. ಅಕ್ಕ ಗೊರಕೆ ಹೊಡೆಯುತ್ತಿದ್ದಳು.

ಬಾಗಿಲು ಬಡಿದವರು ಪಕ್ಕದ ಮನೆಯವರು. "ಏನ್ ಅಜ್ಜೀ, ನೀರ್ ಬಂದು ನಿಂತೂ ಓಯ್ತು! ಇಡೀ ಲೈನು ಡ್ರಮ್ಮು ತುಂಬ್ಸ್ಕಂಡೈತೆ. ನಿಮ್ ಬಿಂದಿಗೆ ಒಂದೇ ಖಾಲಿ. ಸತ್ರೋ ಬದ್ಕಿದ್ರೋ ಎಲ್ಲಾರೂ?"

ಅಜ್ಜಿ ಅರೆಗಣ್ಣು ತೆರೆದರು. ಖಾಲಿ ಬಿಂದಿಗೆಗಳ ಸಾಲನ್ನು ನೋಡಿದರು, ಮಗುವಿನ ಕಾಲನ್ನು ನೋಡಿದರು.

"ಓಗ್ಲಿ ಬಿಡೇ," ಎಂದು ಮಗ್ಗುಲಾದರು.